ಹಚ್ಚೆಯನ್ನು ಓದಿದವರು: ಸುರಪುರ, ಶಹಾಪುರ, ಯಾದಗಿರಿ ಸೀಮೆಯ ಒಂದು ಕಸುಬಿನ ಚರಿತ್ರೆ

ಮೈಮೇಲಿನ ಗುರುತನ್ನು ಕಂಡು ಮನುಷ್ಯನ ಗುಣವನ್ನು ನಿರ್ಣಯಿಸುವ ಅಭ್ಯಾಸ ಹೊಸದಲ್ಲ. ಗದ್ದದ ಮೇಲೆ ಮೂರು ಹಸುರು ಚುಕ್ಕೆಗಳಿರುವ ಮುದುಕಿಯನ್ನು ಕಂಡೊಡನೆ ಹಳ್ಳಿಗಾಡಿನವಳೆಂದೂ, ಕುತ್ತಿಗೆಯ ಮೇಲೆ ಹಚ್ಚೆ ಹಾಕಿಸಿಕೊಂಡ ತರುಣನನ್ನು ಕಂಡೊಡನೆ ಪುಂಡನೆಂದೂ ಹೇಳಿಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿಯೂ ಇಂತಹ ಮಾತು ಕೇಳಿಬರುತ್ತದೆ. ಈ ಲೇಖಕನೂ ಅದನ್ನು ಆಡಿದವನೇ. ಇಂತಹ ತೀರ್ಪುಗಳಿಗೂ ಒಂದು ಚರಿತ್ರೆಯುಂಟು. ನಮ್ಮ ಜಿಲ್ಲೆಯ ಮಟ್ಟಿಗೆ ಆ ಚರಿತ್ರೆಯನ್ನು ಬಿಡಿಸಿ ನೋಡಿದರೆ, ತೀರ್ಪಿನ ಭಾರವು ಹಚ್ಚೆ ಹಾಕಿಸಿಕೊಂಡವರ ಮೇಲೆ ಬಿದ್ದುದಕ್ಕಿಂತ ಹೆಚ್ಚಾಗಿ ಅದನ್ನು ಹಾಕಿದವರ ಮೇಲೆ ಬಿದ್ದಿತೆಂಬುದು ಕಂಡುಬರುತ್ತದೆ. ಅದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಯಾದಗಿರಿಯು ೨೦೦೯ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯೆಂದು ಘೋಷಿತವಾಗುವವರೆಗೂ ಗುಲಬರ್ಗಾ ಜಿಲ್ಲೆಯ ಭಾಗವಾಗಿತ್ತು. ೧೯೪೮ರವರೆಗೆ ನಿಜಾಮರ ಆಳಿಕೆಯಲ್ಲಿತ್ತು. ಆದಕಾರಣ ಇಲ್ಲಿಯ ಜನರ ಕಿವಿಗೆ ನಾಲ್ಕು ಭಾಷೆಗಳು ಪರಿಚಿತ. ಕನ್ನಡದಲ್ಲಿ ಹಚ್ಚೆಯೆಂದೂ ಹಣಚಿಬೊಟ್ಟೆಂದೂ ಕರೆಯುವುದನ್ನು ಗುರುಮಠಕಲ್ಲಿನ ಕಡೆಯ ತೆಲುಗರು ಪಚ್ಚಬೊಟ್ಟೆನ್ನುತ್ತಾರೆ. ಮರಾಠಿಯವರಿಗೆ ಅದು ಗೋಂದಣ, ಹಿಂದುಸ್ತಾನಿಯಲ್ಲಿ ಗೋದನಾ. ಹಳಗನ್ನಡದ ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಚ್ಚೆಯೆಂಬುದೇ ಹಚ್ಚೆಯಾಯಿತೆಂದು ತಿಳಿಯುವುದು ಯುಕ್ತ. ಹಚ್ಚು ಎಂಬ ಕ್ರಿಯಾಪದಕ್ಕೆ ಅದನ್ನು ಜೋಡಿಸುವವರೂ ಇದ್ದಾರೆ. ಆದರೆ ತೆಲುಗು ಮತ್ತು ತಮಿಳಿನ ಸಾಕ್ಷ್ಯವು ಹಸುರು ಬಣ್ಣದ ಕಡೆಗೇ ಬೆರಳು ಮಾಡುತ್ತದೆ. ದ್ರಾವಿಡ ಭಾಷೆಗಳು ಈ ಗುರುತಿಗೆ ಅದರ ಬಣ್ಣದಿಂದ ಹೆಸರಿಟ್ಟರೆ, ಉತ್ತರದ ಭಾಷೆಗಳು ಚುಚ್ಚುವ ಕ್ರಿಯೆಯಿಂದ ಹೆಸರಿಟ್ಟವು. ಮುಂದೆ ಸರಕಾರವು ಶಿಕ್ಷೆಯಾಗಿ ಹಣೆಗೆ ಚುಚ್ಚತೊಡಗಿದಾಗ ಗೋದನಾ ಎಂಬ ಹೆಸರನ್ನೇ ಬಳಸಿತು.

ಹಚ್ಚೆ ಹಾಕುವ ಕಸುಬು ಈ ಸೀಮೆಯಲ್ಲಿ ಬಹುಮಟ್ಟಿಗೆ ಕೊರವ ಸ್ತ್ರೀಯರದು. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತರ ಹೆಣ್ಣುಮಕ್ಕಳೂ ಅದರಲ್ಲಿ ನುರಿತವರು. ಕೊರವರು ಈಚಲ ಗರಿಯ ಕಸಬರಿಗೆ, ಬಿದಿರು ಬುಟ್ಟಿ ಮೊದಲಾದವನ್ನು ಮಾಡುವವರು. ಗಂಡಸರು ಮದುವೆ ಮೆರವಣಿಗೆಗಳಲ್ಲಿ ವಾದ್ಯ ನುಡಿಸುವವರು. ಹೆಂಗಸರು ಕಣಿ ಹೇಳುವವರು. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನನ್ನು ಇವರು ತಮ್ಮವನೆಂದು ಹೇಳಿಕೊಳ್ಳುತ್ತಾರೆ. ಪಟ್ಟಣದ ವಾಚಕರಿಗೆ ಕೊರವಂಜಿಯೆಂದರೆ ರಾಶಿಯವರು ೧೯೪೨ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ ನೆನಪಿಗೆ ಬಂದೀತು. ಆ ಹೆಸರಿನ ಹಿಂದೆ, ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಊರೂರು ಅಲೆದ ನಿಜವಾದ ಹೆಂಗಸರಿದ್ದರು.

ಸುರಪುರ ಮತ್ತು ಶಹಾಪುರ ತಾಲೂಕುಗಳ ಹಳ್ಳಿಗಳಲ್ಲಿ ವಯಸ್ಸಾದವರಿಂದ ನಾನು ಕೇಳಿ ತಿಳಿದಂತೆ, ಕೆಲಸದ ವಿಧಾನ ಹೀಗಿತ್ತು. ದೀಪದ ಕಾಡಿಗೆಯನ್ನು ಮಡಕೆಯ ಚೂರಿನಲ್ಲಿ ಹಿಡಿದು, ಸೊಪ್ಪಿನ ರಸದಲ್ಲಿಯೋ ತಾಯಿಯ ಮೊಲೆಹಾಲಿನಲ್ಲಿಯೋ ಕಲಸುವುದು. ಮೂರು ನಾಲ್ಕು ಸೂಜಿಗಳನ್ನು ದಾರದಿಂದ ಬಿಗಿದು ಕಟ್ಟುವುದು. ಕಡ್ಡಿಯಿಂದ ಚಿತ್ರ ಬರೆದು ಅದರ ಮೇಲೆ ಚುಚ್ಚುತ್ತ ಹೋಗುವುದು. ಕೊನೆಗೆ ಅರಿಸಿನ ಬಳಿಯುವುದು. ಹುಡುಗಿಯನ್ನು ಇಬ್ಬರು ಹಿಡಿದುಕೊಳ್ಳುತ್ತಿದ್ದರು. ನೋವು ಮರೆಯಲೆಂದು ಹಚ್ಚೆಯವಳು ಹಾಡು ಹೇಳುತ್ತಿದ್ದಳು. ಕೂಲಿಯೆಂದು ಸೇರು ಎರಡು ಸೇರು ಜೋಳ, ಒಮ್ಮೊಮ್ಮೆ ಒಂದು ಹಳೆಯ ಕುಪ್ಪಸ. ಚಿತ್ರಗಳು ಹಲವು: ತುಳಸಿಕಟ್ಟೆ, ತೇರು, ತೊಟ್ಟಿಲು, ಚೇಳು, ಬಾಸಿಂಗ, ಸೀತೆಯ ಸೆರಗು, ಲಿಂಗ, ಕೈಯ ಹಿಂಬದಿಯಲ್ಲಿ ಸಾಲುಸಾಲಾಗಿ ಚುಕ್ಕೆ. ಒಂದು ವಿಶ್ವಾಸವನ್ನು ಮಾತ್ರ ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ಕೇಳಿದೆ. ಬಂಗಾರವನ್ನು ಸೊಸೆ ತೆಗೆದುಕೊಳ್ಳುತ್ತಾಳೆ, ಸೀರೆಯನ್ನು ಮಗಳು ಒಯ್ಯುತ್ತಾಳೆ, ಸತ್ತಾಗ ಮೈಜೊತೆಗೆ ಬರುವ ಒಡವೆ ಇದೊಂದೇ.

ಹಾಗೆಂದು ಆ ಕಾಲದ ಹಳ್ಳಿಯಲ್ಲಿ ಹಚ್ಚೆಯನ್ನು ನೋಡಿ ಯಾರೂ ಯಾರನ್ನೂ ಅಳೆಯುತ್ತಿರಲಿಲ್ಲವೆಂದು ತಿಳಿಯಬಾರದು. ಅಳೆಯುತ್ತಿದ್ದರು, ಆದರೆ ಅಳತೆ ತಿರುಗುಮುರುಗಾಗಿತ್ತು. ಹಚ್ಚೆಯಿಲ್ಲದ ಕೈ ಬರಿಗೈ ಎನ್ನಿಸಿಕೊಳ್ಳುತ್ತಿತ್ತು. ಹೊಸದಾಗಿ ಬಂದ ಸೊಸೆಯ ಮುಂಗೈ ಖಾಲಿಯಿದ್ದರೆ, ತವರಿನವರಿಗೆ ಒಂದು ಸೇರು ಜೋಳಕ್ಕೂ ಗತಿಯಿರಲಿಲ್ಲವೆ ಎಂದು ಅತ್ತೆಯಾದವಳು ಚುಚ್ಚಿ ಕೇಳುತ್ತಿದ್ದಳಂತೆ. ಬೇಡವೆಂದು ಅತ್ತ ಹುಡುಗಿಯ ಇಚ್ಛೆಗೆ ಅಲ್ಲಿ ಬೆಲೆಯಿರಲಿಲ್ಲ. ಇಂದು ಹಚ್ಚೆಯನ್ನು ಸ್ವಂತ ಆಯ್ಕೆಯೆಂದು ಹೇಳುತ್ತೇವೆ. ಎಂಟೊಂಬತ್ತು ವರ್ಷದ ಆ ಮಗುವಿಗೆ ಆಯ್ಕೆ ಎಲ್ಲಿತ್ತು?

ಒಂದೇ ಗುರುತು ಬೇರೆ ಬೇರೆ ಮೈಮೇಲೆ ಬೇರೆ ಬೇರೆ ಬೆಲೆ ಪಡೆಯುವುದಕ್ಕೆ ನಮ್ಮ ಧಾರ್ಮಿಕ ಆಚಾರದಲ್ಲಿಯೇ ಉತ್ತಮ ನಿದರ್ಶನವಿದೆ. ಆಷಾಢ ಶುದ್ಧ ಏಕಾದಶಿಯಂದು ಮಾಧ್ವರು ಮಠದ ಸ್ವಾಮಿಗಳಿಂದ ಕಾಯಿಸಿದ ಶಂಖಚಕ್ರಗಳ ಮುದ್ರೆಯನ್ನು ಮೈಮೇಲೆ ಒತ್ತಿಸಿಕೊಳ್ಳುತ್ತಾರೆ. ಅದು ತಪ್ತಮುದ್ರೆ, ಪುಣ್ಯಪ್ರದವೆಂದೂ ಗೌರವದ್ದೆಂದೂ ಭಾವಿತವಾದುದು. ಅದೇ ಶಂಖಚಕ್ರಗಳ ಮುದ್ರೆಯನ್ನು ಬಳ್ಳಾರಿ ಸೀಮೆಯಲ್ಲಿ ಬಸವಿಯಾಗಿ ಬಿಟ್ಟ ಹುಡುಗಿಯರ ಭುಜದ ಮೇಲೂ ಒತ್ತುತ್ತಿದ್ದರೆಂದು ಇಪ್ಪತ್ತನೆಯ ಶತಮಾನದ ಆರಂಭದ ಜನಾಂಗ ವರ್ಣನೆಗಳು ಹೇಳುತ್ತವೆ. ಅವಳ ಭುಜದ ಮೇಲೆ ಅದು ಜನ್ಮಪೂರ್ತಿ ಅಳಿಯದ ಕಳಂಕವಾಯಿತು. ಕರ್ನಾಟಕ ಸರಕಾರವು ೧೯೮೨ರ ಕಾಯಿದೆಯಿಂದ ದೇವದಾಸಿ ಅರ್ಪಣೆಯನ್ನು ನಿಷೇಧಿಸಿದ ನಂತರವೂ, ಮೊದಲೇ ಮುದ್ರೆ ಹಾಕಿಸಿಕೊಂಡವರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬದುಕಬೇಕಾಯಿತು. ಮುದ್ರೆಯ ಆಕಾರದಲ್ಲಿ ವ್ಯತ್ಯಾಸವೇನೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈಗ ಸರಕಾರದ ಓದಿನ ಕಡೆಗೆ ಬರೋಣ. ಈಸ್ಟ್ ಇಂಡಿಯಾ ಕಂಪನಿಯು ೧೭೯೭ರಲ್ಲಿ ಬಂಗಾಳದಲ್ಲಿ ಒಂದು ನಿಬಂಧನೆಯನ್ನು ಮಾಡಿ, ಜೀವಾವಧಿ ಶಿಕ್ಷೆಗೆ ಗುರಿಯಾದವರ ಹಣೆಯ ಮೇಲೆ ಅವರ ಅಪರಾಧ, ಶಿಕ್ಷೆಯ ದಿನಾಂಕ ಮೊದಲಾದ ವಿವರಗಳನ್ನು ಹಚ್ಚೆಯಾಗಿ ಬರೆಯುವ ಪದ್ಧತಿಯನ್ನು ಸ್ಥಿರಪಡಿಸಿತು. ಮದರಾಸು ಪ್ರಾಂತವೂ ಇದೇ ಮಾರ್ಗವನ್ನು ಹಿಡಿಯಿತು. ಓಡಿಹೋದ ಕೈದಿಯನ್ನು ಗುರುತಿಸುವುದು, ನೋಡಿದವರಲ್ಲಿ ಭಯ ಹುಟ್ಟಿಸುವುದು, ಇವೆರಡೂ ಉದ್ದೇಶ. ಠಗ್ಗರೆಂದು ಶಿಕ್ಷೆಗೊಳಗಾದವರ ಮೈಮೇಲೂ ಇಂತಹ ಅಕ್ಷರಗಳು ಬಿದ್ದವು. ಹಣೆಯ ಬರಹವನ್ನು ಮುಚ್ಚಲು ಕೈದಿಗಳು ಮುಂಡಾಸನ್ನು ಹುಬ್ಬಿನವರೆಗೂ ಇಳಿಸಿ ಸುತ್ತಿಕೊಳ್ಳುತ್ತಿದ್ದರು. ಕ್ರೂರವೂ ನಿಷ್ಪ್ರಯೋಜಕವೂ ಎನ್ನಿಸಿಕೊಂಡ ಈ ಪದ್ಧತಿ ೧೮೪೯ರಲ್ಲಿ ರದ್ದಾಯಿತು. ಅರ್ಧ ಶತಮಾನದ ಕಾಲ ಅಧಿಕಾರವು ಹಚ್ಚೆಯನ್ನು ಅಪರಾಧದ ಲಿಪಿಯಾಗಿ ಬಳಸಿತ್ತು. ಆ ಬಳಕೆ ನಿಂತರೂ, ಮೈಮೇಲಿನ ಗುರುತಿನಿಂದ ಅಪರಾಧಿಯನ್ನು ತಿಳಿಯಬಹುದೆಂಬ ಭಾವನೆ ಕಚೇರಿಗಳಲ್ಲಿ ಉಳಿಯಿತು.

ಠಗ್ಗರ ಹೆಸರು ಬಂದಮೇಲೆ ಸುರಪುರದವರಾದ ನಾವು ಮೆಡೋಸ್ ಟೇಲರನನ್ನು ನೆನೆಯದೆ ಮುಂದೆ ಹೋಗಲಾಗದು. ಆತನ ಠಗ್ಗನ ಆತ್ಮನಿವೇದನೆಯ ಕಾದಂಬರಿ ೧೮೩೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಹುಟ್ಟಿನಿಂದಲೇ ಕೊಲೆಗಡುಕರಾದ ಹಿಂದೂಸ್ಥಾನದ ಗುಂಪುಗಳೆಂಬ ಚಿತ್ರವನ್ನು ಇಂಗ್ಲೆಂಡಿನ ಓದುಗರ ಮನಸ್ಸಿನಲ್ಲಿ ನಾಟಿಸಿದ ಗ್ರಂಥಗಳಲ್ಲಿ ಅದಕ್ಕೆ ಅಗ್ರಸ್ಥಾನ. ಕೌತುಕವೇನೆಂದರೆ, ಅದೇ ಟೇಲರನು ೧೮೪೧ರಲ್ಲಿ ಸುರಪುರಕ್ಕೆ ಬಂದು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ೧೮೫೩ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಬೇಡರನ್ನು ಕಂಪನಿಯ ಅಧಿಕಾರಿಗಳು ಸುಲಿಗೆಗಾರರೆಂದು ಎಣಿಸುತ್ತಿದ್ದ ಕಾಲವದು. ಆತನ ಮರಣಾನಂತರ ೧೮೭೭ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಆ ಬೇಡರು ಜಗಳ, ಹೊಲ, ಕಂದಾಯ, ವಿಶ್ವಾಸಗಳುಳ್ಳ ಸಾಮಾನ್ಯ ಮನುಷ್ಯರಾಗಿ ಕಾಣಿಸುತ್ತಾರೆ. ದೂರದಿಂದ ಬರೆದಾಗ ಗುಂಪು ಕಂಡಿತು. ಹನ್ನೆರಡು ವರ್ಷ ಜೊತೆಗಿದ್ದಾಗ ಮನುಷ್ಯರು ಕಂಡರು. ಆದರೆ ಗೆದ್ದುದು ಮೊದಲನೆಯ ಪುಸ್ತಕವೇ. ಆತ್ಮಕಥೆಯನ್ನು ಓದಿದವರು ಬಹಳ ಕಡಿಮೆ; ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲು ಬರುವ ವಿದ್ಯಾರ್ಥಿಗಳೂ ಠಗ್ಗರ ಕತೆಯನ್ನೇ ಕೇಳುತ್ತಾರೆ.

ಮುಖ್ಯ ಘಟ್ಟ ೧೮೭೧. ಆ ವರ್ಷ ಎರಡು ಸಂಗತಿಗಳು ನಡೆದವು. ಮುಂಬಯಿಯಿಂದ ಬಂದ ರೈಲುಮಾರ್ಗ ಯಾದಗಿರಿಯನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಮಾರ್ಗಕ್ಕೆ ಕೂಡಿತು. ಅದೇ ವರ್ಷ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಉತ್ತರ ಹಿಂದೂಸ್ಥಾನಕ್ಕಾಗಿ ಜಾರಿಗೆ ತಂದಿತು. ಇವೆರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೊರವರ ಒಳಪಂಗಡಗಳಲ್ಲಿ ಉಪ್ಪು ಕೊರವರೆಂಬುದೊಂದಿದೆ. ಕತ್ತೆ ಎತ್ತುಗಳ ಮೇಲೆ ಉಪ್ಪು, ಕಾಳುಗಳನ್ನು ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ಓಡಾಡಿದವರು ಇವರು. ಲಂಬಾಣಿಗರಿಗೂ ಇದೇ ಬಗೆಯ ಹೇರಿನ ವ್ಯಾಪಾರವಿತ್ತು. ಸರಕಾರದ ಉಪ್ಪಿನ ಧೋರಣೆ ಮತ್ತು ರೈಲು ಎರಡೂ ಕೂಡಿ ಈ ವ್ಯಾಪಾರದ ಬೆನ್ನು ಮುರಿದವು. ಈ ಸಂಬಂಧವನ್ನು ಮೀನಾ ರಾಧಾಕೃಷ್ಣ ಅವರು ೨೦೦೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮದರಾಸು ಪ್ರಾಂತದ ದಾಖಲೆಗಳಿಂದ ಸವಿಸ್ತಾರವಾಗಿ ತೋರಿಸಿದ್ದಾರೆ. ಕೆಲಸವಿದ್ದಾಗ ಅಲೆದವರು ವರ್ತಕರು. ಕೆಲಸ ಹೋದಮೇಲೆ ಅಲೆದವರು ಶಂಕಿತರು. ೧೯೧೧ರಲ್ಲಿ ಕಾಯಿದೆಯು ಬ್ರಿಟಿಷ್ ಹಿಂದೂಸ್ಥಾನಕ್ಕೆಲ್ಲ ವಿಸ್ತರಿಸಿದಾಗ ಕೊರವರ ಹಲವು ಪಂಗಡಗಳು ಪಟ್ಟಿಗೆ ಸೇರಿದವು. ದಾಖಲಾದವರು ಬೆರಳಚ್ಚು ಕೊಡಬೇಕು, ಹಾಜರಿ ಹೇಳಬೇಕು, ಊರು ಬಿಡಬೇಕಾದರೆ ಪರವಾನಗಿ ಪಡೆಯಬೇಕು.

ಸುರಪುರ ನಿಜಾಮರದು, ಬ್ರಿಟಿಷರ ಕಾಯಿದೆ ಅಲ್ಲಿ ನೇರವಾಗಿ ನಡೆಯದು. ಆದರೆ ಪಕ್ಕದ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಅಲ್ಲಿ ಸ್ಟಾರ್ಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಈ ಜನರಿಗಾಗಿ ಕಾವಲಿನ ವಸತಿಗಳು ಆರಂಭವಾಗಿ, ಮುಂದೆ ಹುಬ್ಬಳ್ಳಿ, ಗದಗಗಳಿಗೂ ಹಬ್ಬಿದವು. ಆ ಓಣಿಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಹಚ್ಚೆಯ ಹೆಂಗಸಿಗೆ ಇದರ ಅರ್ಥವೇನು? ಅವಳ ಕಸುಬು ನಡೆಯುವುದೇ ಅಲೆದಾಟದಿಂದ. ಸುಗ್ಗಿಯ ನಂತರ, ಜೋಳ ಮನೆಗೆ ಬಂದಾಗ, ಸಿಂದಗಿಯ ಕಡೆಯಿಂದ ಶಹಾಪುರಕ್ಕೂ ಮುದ್ದೇಬಿಹಾಳದ ಕಡೆಯಿಂದ ಸುರಪುರಕ್ಕೂ ಬರಬೇಕು. ಪರವಾನಗಿಯ ಚೀಟಿಯಿಲ್ಲದೆ ಗಡಿ ದಾಟಿದರೆ ಅದೇ ಒಂದು ಅಪರಾಧ. ಬುಟ್ಟಿಯಲ್ಲಿ ಸೂಜಿ, ಕಾಡಿಗೆ ಇಟ್ಟುಕೊಂಡು ಹೊರಟ ಹೆಂಗಸು ಕಾಯಿದೆಯ ಕಣ್ಣಿಗೆ, ಮನೆ ನೋಡಿಕೊಂಡು ಹೋಗಲು ಬಂದ ಕಳ್ಳರ ದೂತಿಯಾದಳು. ಕಣಿ ಹೇಳುವ, ಹಚ್ಚೆ ಹಾಕುವ ನೆಪದಲ್ಲಿ ಹೆಂಗಸರು ಮನೆಯ ಒಳಹೊರಗನ್ನು ತಿಳಿದುಕೊಳ್ಳುತ್ತಾರೆಂಬ ಮಾತು ಪೋಲೀಸರ ಬರಹಗಳಲ್ಲಿ ಸಾಮಾನ್ಯ.

ಈ ಪೋಲೀಸರ ಬರಹಗಳೇ ಮುಂದೆ ಶಾಸ್ತ್ರಗ್ರಂಥಗಳಾದುದು ನಮ್ಮ ವಿಷಯದ ಮರ್ಮ. ಮದರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ನನು ಕೆ. ರಂಗಾಚಾರಿಯವರ ನೆರವಿನಿಂದ ೧೯೦೯ರಲ್ಲಿ ದಕ್ಷಿಣ ಹಿಂದೂಸ್ಥಾನದ ಜಾತಿ ಬುಡಕಟ್ಟುಗಳ ಮೇಲೆ ಏಳು ಸಂಪುಟಗಳನ್ನು ಹೊರತಂದನು. ಇಂದಿಗೂ ನಮ್ಮ ವಿದ್ಯಾರ್ಥಿಗಳು ಮೊದಲು ತೆರೆಯುವುದು ಅವನ್ನೇ. ಅದರಲ್ಲಿ ಕೊರವರ ಮೇಲಿನ ಲೇಖನವನ್ನು ಓದಿ ನೋಡಿದರೆ, ಆಧಾರವಾಗಿ ಬರುವ ಹೆಸರುಗಳಲ್ಲಿ ಮುಲ್ಲಾಲಿ, ಫಾಸೆಟ್, ಪಾಪಾರಾವ್ ನಾಯ್ಡು ಪ್ರಮುಖರು. ಮೂವರೂ ಪೋಲೀಸು ಇಲಾಖೆಯವರು. ಮುಲ್ಲಾಲಿಯ ಪುಸ್ತಕ ೧೮೯೨ರದು, ಅಪರಾಧಿ ವರ್ಗಗಳ ಕುರಿತದ್ದೆಂದು ಹೆಸರಿನಲ್ಲಿಯೇ ಹೇಳಿಕೊಳ್ಳುತ್ತದೆ. ನಾಯ್ಡುವಿನ ಪುಸ್ತಕ ೧೯೦೫ರದು, ಆತ ರೈಲ್ವೆ ಪೋಲೀಸಿನವನು. ಕಳ್ಳನನ್ನು ಹಿಡಿಯುವುದೇ ವೃತ್ತಿಯಾದವನಿಗೆ ಕಳ್ಳರೇ ಭೇಟಿಯಾಗುವುದು ಸಹಜ. ಅವನು ಕಂಡದ್ದನ್ನು ಇಡೀ ಜಾತಿಯ ಸ್ವಭಾವವೆಂದು ಶಾಸ್ತ್ರಜ್ಞನು ಸ್ವೀಕರಿಸಿದುದು ಸಹಜವಲ್ಲ. ಇದೇ ಥರ್ಸ್ಟನ್ನನು ಹಚ್ಚೆಯ ಬಗ್ಗೆ ಬೇರೆಡೆ ಬರೆದ ಟಿಪ್ಪಣಿಯಲ್ಲಿ, ಕೊರವ ಸ್ತ್ರೀಯರು ಅರಿಸಿನ ಮತ್ತು ಅಗಸೆಮರದ ಎಲೆಯನ್ನು ಅರೆದು ಬತ್ತಿ ಮಾಡಿ ದೀಪದಲ್ಲಿ ಸುಟ್ಟು ಮಸಿ ಹಿಡಿಯುವ ಕ್ರಮವನ್ನು ಬಹಳ ಎಚ್ಚರದಿಂದ ದಾಖಲಿಸಿದ್ದಾನೆ. ಅಂದರೆ ಅವರ ಕುಶಲತೆ ಅವನಿಗೆ ಗೊತ್ತಿತ್ತು. ಆದರೆ ಆ ಕೈಗಳಿಗೆ ತಮ್ಮ ಹೆಣ್ಣುಮಕ್ಕಳ ಕೈಗಳನ್ನು ಒಪ್ಪಿಸಿ ಕುಳಿತಿದ್ದ ಒಕ್ಕಲಗಿತ್ತಿಯರ, ಲಿಂಗವಂತರ ಮನೆಯವರ, ಬೇಡತಿಯರ ಸಾಕ್ಷ್ಯವನ್ನು ಯಾರೂ ಕೇಳಲಿಲ್ಲ. ಮನೆಯ ಒಳಗಿನವರು ಪರಕೀಯಳೊಬ್ಬಳನ್ನು ಪಡಸಾಲೆಯಲ್ಲಿ ಕುಳ್ಳಿರಿಸಿಕೊಂಡು ಗಂಟೆಗಟ್ಟಲೆ ಮಗಳ ಕೈಯನ್ನು ಅವಳ ವಶಕ್ಕೆ ಕೊಟ್ಟರೆಂದರೆ, ಅಲ್ಲಿ ಎಂತಹ ನಂಬಿಕೆಯಿತ್ತೆಂಬುದು ಸ್ಪಷ್ಟ. ಈ ನಂಬಿಕೆಯೂ ಒಂದು ಚಾರಿತ್ರಿಕ ಆಧಾರವೇ. ಅದು ಬರೆದದ್ದು ಕಾಗದದ ಮೇಲಲ್ಲ, ಚರ್ಮದ ಮೇಲೆ. ಬರೆಯಿಸಿಕೊಂಡವರು ತೀರಿಹೋದಂತೆ ಅದೂ ಸುಡುಗಾಡು ಸೇರುತ್ತಿದೆ.

ಯುರೋಪಿನಲ್ಲಿ ಆಗ ಬೀಸುತ್ತಿದ್ದ ಗಾಳಿಯನ್ನೂ ಇಲ್ಲಿ ಹೇಳಬೇಕು. ಇಟಲಿಯ ವೈದ್ಯ ಲೊಂಬ್ರೋಸೊ ೧೮೭೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಪರಾಧಿಗಳು ಹುಟ್ಟಿನಿಂದಲೇ ಅಪರಾಧಿಗಳೆಂದೂ, ಹಚ್ಚೆಯ ಮೋಹವು ಅವರಲ್ಲಿರುವ ಆದಿಮಾನವನ ಲಕ್ಷಣವೆಂದೂ ವಾದಿಸಿದನು. ವಿನೋದವೇನೆಂದರೆ, ಆ ಹೊತ್ತಿಗೆ ಇಂಗ್ಲೆಂಡಿನ ಯುವರಾಜ ಎಡ್ವರ್ಡನು ೧೮೬೨ರಲ್ಲಿಯೇ ಜೆರೂಸಲೆಮಿನಲ್ಲಿ ಶಿಲುಬೆಯ ಹಚ್ಚೆ ಹಾಕಿಸಿಕೊಂಡಿದ್ದನು. ಅವನ ಮಗ ಜಾರ್ಜನು ನೌಕಾದಳದಲ್ಲಿದ್ದಾಗ ೧೮೮೧ರಲ್ಲಿ ಜಪಾನಿನಲ್ಲಿ ತೋಳಿನ ಮೇಲೆ ಒಂದು ಘಟಸರ್ಪವನ್ನು ಬರೆಯಿಸಿಕೊಂಡನು. ಈ ಜಾರ್ಜನೇ ಐದನೆಯ ಜಾರ್ಜ್ ಚಕ್ರವರ್ತಿಯಾಗಿ ೧೯೧೧ರ ಡಿಸೆಂಬರಿನಲ್ಲಿ ದಿಲ್ಲಿಯ ದರಬಾರಿನಲ್ಲಿ ಕುಳಿತವನು. ಅವನ ಆಳಿಕೆಯ ಅದೇ ವರ್ಷದಲ್ಲಿ ಕೊರವತಿಯನ್ನು ಹುಟ್ಟುಗಳ್ಳಿಯೆಂದು ಪಟ್ಟಿಗೆ ಸೇರಿಸಿದ ಕಾಯಿದೆ ಜಾರಿಗೆ ಬಂದಿತು. ನಮ್ಮ ಸಂಸ್ಥಾನಿಕರು ಬಗ್ಗಿ ಸಲಾಮು ಮಾಡಿದಾಗ ಚಕ್ರವರ್ತಿಯ ನಿಲುವಂಗಿಯ ತೋಳಿನೊಳಗೆ ಆ ಘಟಸರ್ಪವಿತ್ತು. ಅದನ್ನು ಕಂಡು ಯಾವ ಶಾಸ್ತ್ರಜ್ಞನೂ ಅವನ ಬೆರಳಚ್ಚು ಕೇಳಲಿಲ್ಲ.

ಸ್ವಾತಂತ್ರ್ಯಾನಂತರ ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯ ಸಮಿತಿಯು ಕಾಯಿದೆಯನ್ನು ತೆಗೆದುಹಾಕುವಂತೆ ಸೂಚಿಸಿತು. ೧೯೫೨ರ ಆಗಸ್ಟ್ ೩೧ರಂದು ಅದು ರದ್ದಾಯಿತು. ಅದರ ಸ್ಥಾನದಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಪ್ರಾಂತಪ್ರಾಂತಗಳಲ್ಲಿ ಬಂದವು. ನಮ್ಮ ರಾಜ್ಯದ್ದು ೧೯೬೧ರದು. ವಿಮುಕ್ತ ಬುಡಕಟ್ಟುಗಳಿಗೆ ಸೇರಿದವರೆಂಬ ಕಾರಣಕ್ಕೆ ಕೈದಿಗಳನ್ನು ರೂಢಿಗತ ಅಪರಾಧಿಗಳೆಂದು ಎಣಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರ ಅಕ್ಟೋಬರಿನಲ್ಲಿ ಹೇಳಬೇಕಾಯಿತೆಂದರೆ, ಕಾಯಿದೆ ಹೋದ ಎಪ್ಪತ್ತೆರಡು ವರ್ಷಗಳ ಮೇಲೂ ಅದರ ಭಾಷೆ ಸೆರೆಮನೆಯ ಕೈಪಿಡಿಗಳಲ್ಲಿ ಉಳಿದಿತ್ತೆಂದಾಯಿತು.

ಸೆರೆಮನೆಯವರನ್ನು ದೂರುವ ಮೊದಲು ನನ್ನದೊಂದು ತಪ್ಪನ್ನು ಇಲ್ಲಿ ದಾಖಲಿಸಬೇಕು. ಕೆಲವು ವರ್ಷಗಳ ಹಿಂದೆ, ವಸಾಹತು ಕಾಲದ ಆಕರಗಳನ್ನು ಕುರಿತು ಪಾಠ ಮಾಡುವಾಗ ಥರ್ಸ್ಟನ್ನನ ಕೊರವ ಲೇಖನದ ಒಂದು ಭಾಗವನ್ನು ಕನ್ನಡಕ್ಕೆ ತಿರುಗಿಸಿ ತರಗತಿಯಲ್ಲಿ ಓದಿಸಿದೆ. ಆಕರವನ್ನು ಹೇಗೆ ಸಂದೇಹದಿಂದ ಓದಬೇಕೆಂಬುದನ್ನು ಮರುದಿನ ಹೇಳುವ ಯೋಚನೆಯಿತ್ತು. ಕಳ್ಳತನದ ವರ್ಣನೆ ಬಂದಾಗ ಹಿಂದಿನ ಬೆಂಚುಗಳಲ್ಲಿ ನಗೆಯೆದ್ದಿತು, ನಾನೂ ತಡೆಯಲಿಲ್ಲ. ಆ ಸಮುದಾಯದ ಒಬ್ಬ ವಿದ್ಯಾರ್ಥಿ ತರಗತಿಯಲ್ಲಿದ್ದನೆಂಬುದು ನನಗೆ ತಿಳಿದದ್ದು, ಅವನು ಒಂಬತ್ತು ದಿನ ಬಾರದೆ ಹೋದಮೇಲೆ. ಸಂದೇಹದ ಪಾಠ ಕೇಳಲು ಅವನು ಅಲ್ಲಿರಲಿಲ್ಲ. ನಗೆಯನ್ನಷ್ಟೇ ಕೇಳಿ ಹೋಗಿದ್ದನು. ವಿಚಾರಿಸಿಕೊಂಡು ಅವನ ಊರಿಗೆ ಹೋದೆ. ಸುರಪುರ ತಾಲೂಕಿನ ಒಂದು ಹಳ್ಳಿ. ಊರ ಅಂಚಿನಲ್ಲಿ ಹತ್ತು ಹನ್ನೆರಡು ಮನೆ.

ಅವನ ಅಜ್ಜಿ ಹಚ್ಚೆಯವಳು. ನಾನು ಯಾರೆಂದು ತಿಳಿದಮೇಲೂ ಚಾಪೆ ಹಾಸಿದಳು. ಕ್ಷಮೆ ಕೇಳಲು ಹೋದವನು ಮಾತು ತಿಳಿಯದೆ ಹಚ್ಚೆಯ ವಿಚಾರ ಕೇಳಿದೆ. ಸುತ್ತಿನ ಏಳೆಂಟು ಹಳ್ಳಿಗಳಲ್ಲಿ ಅರವತ್ತು ದಾಟಿದ ಹೆಂಗಸರ ಕೈಗಳನ್ನು ನೋಡಿದರೆ ತನ್ನ ಕೆಲಸ ಯಾವುದು, ತನ್ನ ಅವ್ವನ ಕೆಲಸ ಯಾವುದು ಎಂದು ಹೇಳಬಲ್ಲೆನೆಂದಳು. ಗೌಡರ ಮನೆಯವರಿಗೂ ಹಾಕಿದ್ದೀಯಾ ಅವ್ವಾ ಎಂದೆ. ನಕ್ಕು ಹೇಳಿದಳು: “ಯಪ್ಪಾ, ಯಾರಿಗೆ ಹಾಕಿಲ್ಲ ಅಂತ ಕೇಳು. ನಮ್ಮ ಕೈಲಿಂದ ಹಣಚಿ ಹಾಕ್ಸಿಕೊಳ್ಳಾಕ ಎಲ್ಲಾರಿಗೂ ಬೇಕಾಗಿತ್ತು. ನಮ್ಮ ಕೈ ನೀರು ಮಾತ್ರ ಯಾರಿಗೂ ಬ್ಯಾಡಾಗಿತ್ತು.” ಕೂಲಿಯ ಜೋಳವನ್ನು ಸೆರಗಿಗೆ ಮೇಲಿನಿಂದ ಸುರಿಯುತ್ತಿದ್ದರಂತೆ. ಎರಡು ಗಂಟೆ ಹಿಡಿದುಕೊಂಡಿದ್ದ ಕೈ, ಕೆಲಸ ಮುಗಿದೊಡನೆ ಮುಟ್ಟಬಾರದ ಕೈ. ಹಳ್ಳಿಯ ನಂಬಿಕೆಯನ್ನು ಮೇಲೆ ಹೊಗಳಿದೆನಷ್ಟೆ. ಆ ನಂಬಿಕೆಯ ಮಿತಿ ಎಲ್ಲಿತ್ತೆಂಬುದನ್ನು ಈ ಮಾತು ತಿಳಿಸುತ್ತದೆ. ಇದನ್ನು ಕೇಳಿದಮೇಲೆ ಎಲ್ಲ ದೋಷವನ್ನೂ ಆಂಗ್ಲರ ಕಾಯಿದೆಯ ತಲೆಗೆ ಕಟ್ಟಿ ಸುಮ್ಮನಾಗುವುದು ನನ್ನಿಂದಾಗಲಿಲ್ಲ. ಕಾಯಿದೆ ಹೊಸದಾಗಿ ಬರೆದದ್ದು ಕಳವಿನ ಆರೋಪವನ್ನು. ಮೈಲಿಗೆಯನ್ನು ನಾವೇ ಮೊದಲು ಬರೆದಿಟ್ಟಿದ್ದೆವು.

ಅವಳ ಕಸುಬು ನಿಂತದ್ದು ಕಾಯಿದೆಯಿಂದಲ್ಲ, ಶಾಲೆಯಿಂದ. ಹುಡುಗಿಯರು ಓದತೊಡಗಿದಮೇಲೆ ಹಚ್ಚೆಯ ಕೈ ನಾಚಿಕೆಯ ಕೈಯಾಯಿತು. ಪಟ್ಟಣದಲ್ಲಿ ನೌಕರಿ ಹಿಡಿದ ಹೆಣ್ಣುಮಕ್ಕಳು ಉದ್ದ ತೋಳಿನ ಕುಪ್ಪಸ ತೊಟ್ಟು ಮರೆಮಾಡಿದ್ದುಂಟು; ವೈದ್ಯರಲ್ಲಿಗೆ ಹೋಗಿ ಸುಡಿಸಿಕೊಂಡವರನ್ನೂ ನಾನು ಬಲ್ಲೆ. ಒಂದು ತಲೆಮಾರು ಬರಿಗೈಯನ್ನು ಹಂಗಿಸಿತ್ತು, ಮುಂದಿನ ತಲೆಮಾರು ತುಂಬಿದ ಕೈಯನ್ನು ಹಂಗಿಸಿತು. ಅನಂತರದ ತಲೆಮಾರು ಈಗ ಕಲಬುರಗಿಯ ಅಂಗಡಿಗಳಿಗೆ ಹೋಗಿ ಯಂತ್ರದ ಸೂಜಿಯಿಂದ ಸಾವಿರಾರು ರೂಪಾಯಿ ಕೊಟ್ಟು ಚುಚ್ಚಿಸಿಕೊಳ್ಳುತ್ತಿದೆ. ಅದಕ್ಕೆ ಟ್ಯಾಟೂ ಎಂಬ ಹೆಸರು. ಮೂಲದಲ್ಲಿ ಶಾಂತಸಾಗರದ ದ್ವೀಪವಾಸಿಗಳ ಮಾತು, ಹದಿನೆಂಟನೆಯ ಶತಮಾನದಲ್ಲಿ ಕುಕ್ ಎಂಬ ನಾವಿಕನ ಹಡಗಿನವರ ಮೂಲಕ ಇಂಗ್ಲಿಷಿಗೆ ಬಂದದ್ದು. ಹಚ್ಚೆಯೆಂದರೆ ಹಳ್ಳಿತನ, ಟ್ಯಾಟೂ ಎಂದರೆ ಹೊಸತನವೆಂದು ತರುಣರು ತಿಳಿಯುತ್ತಾರೆ. ಹಿರಿಯರಿಗೆ ಎರಡೂ ಒಲ್ಲವು, ಆದರೆ ಬೇರೆ ಬೇರೆ ಕಾರಣಕ್ಕೆ.

ನಮ್ಮ ಕಡೆಯ ಹುಡುಗರಿಗೆ ಇದರಿಂದ ಒದಗುವ ಒಂದು ಪ್ರತ್ಯಕ್ಷ ತೊಂದರೆಯನ್ನು ಹೇಳದೆ ಬಿಡಬಾರದು. ಅರೆಸೇನಾ ಪಡೆಗಳಿಗೆ ಸೇರಬಯಸುವವರು ನಮ್ಮ ಕಾಲೇಜುಗಳಲ್ಲಿ ಬಹಳ. ಆ ಪಡೆಗಳ ನಿಯಮದಂತೆ ದೇವರ ಚಿಹ್ನೆ ಅಥವಾ ಹೆಸರಿನ ಹಚ್ಚೆಗೆ ಅಡ್ಡಿಯಿಲ್ಲ. ಆದರೆ ಅದು ಎಡ ಮುಂಗೈಯ ಒಳಭಾಗದಲ್ಲಿ ಇಲ್ಲವೆ ಅಂಗೈಯ ಹಿಂಬದಿಯಲ್ಲಿರಬೇಕು, ಆ ಅಂಗದ ಕಾಲುಭಾಗವನ್ನು ಮೀರಬಾರದು. ಬಲಗೈ ವಂದನೆಯ ಕೈಯಾದುದರಿಂದ ಅದರ ಮುಂಗೈ ಖಾಲಿಯಿರಬೇಕು. ಅವ್ವನ ಹೆಸರನ್ನು ಪ್ರೀತಿಯಿಂದ ಬಲ ಮುಂಗೈಯ ಮೇಲೆ ಬರೆಯಿಸಿಕೊಂಡು, ಓಟದಲ್ಲಿ ಲಿಖಿತ ಪರೀಕ್ಷೆಯಲ್ಲಿ ಗೆದ್ದು, ವೈದ್ಯ ಪರೀಕ್ಷೆಯಲ್ಲಿ ಹಿಂದಿರುಗಿದ ಹುಡುಗನನ್ನು ಕಂಡಿದ್ದೇನೆ. ನಿಯಮ ಸರಿಯೇ ತಪ್ಪೇ ಎಂಬುದು ಈ ಲೇಖನದ ವ್ಯಾಪ್ತಿಗೆ ಮೀರಿದ್ದು; ಇದನ್ನು ಪ್ರಥಮ ವರ್ಷದಲ್ಲಿಯೇ ವಿದ್ಯಾರ್ಥಿಗಳಿಗೆ ತಿಳಿಸುವುದು ಅಧ್ಯಾಪಕರಿಗೆ ಸಾಧ್ಯವಿರುವ ಕೆಲಸ.

ಆ ವಿದ್ಯಾರ್ಥಿ ಹತ್ತನೆಯ ದಿನ ತರಗತಿಗೆ ಬಂದನು. ಮರುವರ್ಷ ಅವನ ಜೊತೆಗೂಡಿ ಅಜ್ಜಿಯ ಚಿತ್ರಗಳನ್ನು ಬರೆದುಕೊಳ್ಳತೊಡಗಿದೆ. ಅವಳು ಇದ್ದಿಲಿನಿಂದ ನೆಲದ ಮೇಲೆ ಬರೆಯುವುದು, ಅವನು ವಹಿಯಲ್ಲಿ ಇಳಿಸಿಕೊಳ್ಳುವುದು. ಮೂವತ್ತೊಂದು ಆಕೃತಿಗಳಾದವು. ಇಪ್ಪತ್ತಾರಕ್ಕೆ ಹೆಸರು ಹೇಳಿದಳು. ಉಳಿದವಕ್ಕೆ ಹೆಸರಿಲ್ಲ, ಅವ್ವ ಹಾಕುತ್ತಿದ್ದಳು, ನಾನೂ ಹಾಕಿದೆ ಎಂದಳು. ವಿಭಾಗದ ಚಿಕ್ಕ ಸಂಗ್ರಹದಲ್ಲಿ ಇಡಲು ಅವಳ ಸೂಜಿಗಳನ್ನು ಕೇಳಿದೆ. ಕೊಡಲಿಲ್ಲ. ದಾರ ಬಿಚ್ಚಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಮತ್ತೆ ಸಂದೂಕಿನಲ್ಲಿಟ್ಟಳು. ಜಾತ್ರೆಯ ಕಾಲಕ್ಕೆ ಒಬ್ಬಿಬ್ಬರು ಇನ್ನೂ ಕೇಳಿಕೊಂಡು ಬರುತ್ತಾರಂತೆ.